ಟಾಂಜಾನಿಯಾಕ್ಕೆ ಹೊರಟವರಿಗೆ ಸ್ವಾಹಿಲಿ: ಕನ್ನಡದಿಂದಲೇ ಕಲಿಯಿರಿ

ಪ್ರಶ್ನೆ: ನಾನು ಶಿರಸಿ ಕಡೆಯವಳು. ಕಾರವಾರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಟಾಂಜಾನಿಯಾದ ಮೊರೊಗೊರೊ ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಗೆ 6 ವಾರ ಸ್ವಯಂಸೇವಕಿಯಾಗಿ ಹೋಗುವುದಿದೆ. ಕೈಯಲ್ಲಿ 10 ವಾರ ಇದೆ, ದಿನಕ್ಕೆ ಒಂದು ಗಂಟೆ ಕೊಡಬಲ್ಲೆ. ಮೊಬೈಲ್ ಆ್ಯಪಿನಲ್ಲಿ ಒಂದು ತಿಂಗಳು ಸ್ವಾಹಿಲಿ ಕಲಿತೆ. 150 ಶಬ್ದ ಬಾಯಿಪಾಠ ಆಗಿದೆ, ಆದರೆ ಒಂದು ವಾಕ್ಯವೂ ತಾನಾಗಿ ಬರುವುದಿಲ್ಲ. ಹಾಸ್ಟೆಲಿನಲ್ಲಿ ಕೊಂಕಣಿ ಕೇಳಿ ಕೇಳಿಯೇ ಬಂತು, ಇದು ಮಾತ್ರ ಬರುತ್ತಿಲ್ಲ. ನಾಮಪದಗಳ ವರ್ಗ ನೋಡಿದರೆ ತಲೆ ತಿರುಗುತ್ತದೆ. ಸಸ್ಯಾಹಾರಿ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ 150 ಶಬ್ದ ದಂಡವಾಗಿಲ್ಲ. ಅವು ಸುತ್ತು ಬಳಸಿ ಬಂದಿವೆ, ಅಷ್ಟೇ. ಆ್ಯಪ್ ನಿಮಗೆ ಸ್ವಾಹಿಲಿಯನ್ನು ಇಂಗ್ಲಿಷಿನ ಮೂಲಕ ಕೊಟ್ಟಿದೆ. ಹೀಗಾಗಿ ಕನ್ನಡದಲ್ಲಿ ಹುಟ್ಟಿದ ಮಾತು ಮೊದಲು ಇಂಗ್ಲಿಷಾಗಿ, ಆಮೇಲೆ ಸ್ವಾಹಿಲಿ ಆಗಬೇಕು. ಅಷ್ಟರಲ್ಲಿ ಎದುರಿನವರು ಹೊರಟೇ ಹೋಗಿರುತ್ತಾರೆ. ಕೊಂಕಣಿ ಬಂದದ್ದು ಹೀಗಲ್ಲ. ಅಲ್ಲಿ ನಡುವೆ ಮೂರನೆಯ ಭಾಷೆ ಇರಲಿಲ್ಲ. ಇಂದಿನಿಂದ ನೋಟ್‌ಬುಕ್ಕಿನಲ್ಲಿ ಸ್ವಾಹಿಲಿಯ ಎದುರು ಕನ್ನಡ ಮಾತ್ರ ಬರೆಯಿರಿ. ಸ್ವಾಹಿಲಿ ಆಫ್ರಿಕದ ಬಂಟು ಕುಟುಂಬದ ಭಾಷೆ, ನಮಗೆ ನಂಟಲ್ಲ. ಆದರೂ ಅದು ಕ್ರಿಯಾಪದ ಕಟ್ಟುವ ರೀತಿ ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರ.

ಒಂದು ಪದವನ್ನು ಬಿಚ್ಚಿ ನೋಡೋಣ. ‘ಮಾಡಿದರು’ ಎಂಬುದರಲ್ಲಿ ಮೂರು ತುಂಡಿವೆ: ಮಾಡ್, ಇದ, ಅರು. ಕೆಲಸ, ಕಾಲ, ಯಾರು. ಸ್ವಾಹಿಲಿಯಲ್ಲಿ ಇದೇ ಮಾತು ‘ವಲಿಫನ್ಯ’. ವ ಅಂದರೆ ಅವರು, ಲಿ ಅಂದರೆ ಹಿಂದಿನ ಕಾಲ, ಫನ್ಯ ಅಂದರೆ ಮಾಡು. ಕನ್ನಡದ ಪದವನ್ನು ಕನ್ನಡಿಯಲ್ಲಿ ಹಿಡಿದ ಹಾಗೆ ಹಿಂದುಮುಂದಾಗಿದೆ, ತುಂಡುಗಳು ಅವೇ. ನಾವು ಬಾಲದಲ್ಲಿ ಜೋಡಿಸುವುದನ್ನು ಅವರು ತಲೆಯಲ್ಲಿ ಜೋಡಿಸುತ್ತಾರೆ.

ಯಾರು ಎಂಬುದಕ್ಕೆ ಆರು ತುಂಡು: ನಿ (ನಾನು), ಉ (ನೀನು), ಅ (ಅವನು, ಅವಳು ಎರಡಕ್ಕೂ), ತು (ನಾವು), ಮ್ (ನೀವೆಲ್ಲ), ವ (ಅವರು). ಕಾಲಕ್ಕೆ ನಾಲ್ಕು: ನ (ಈಗ), ಲಿ (ಆಗ), ತ (ಮುಂದೆ), ಮೆ (ಆಗಿ ಮುಗಿದಿದೆ). ‘ಸೊಮ’ ಅಂದರೆ ಓದು. ನಿನಸೊಮ, ಓದುತ್ತಿದ್ದೇನೆ. ತುತಸೊಮ, ಓದುತ್ತೇವೆ. ಅಮೆಸೊಮ, ಓದಿದ್ದಾನೆ ಅಥವಾ ಓದಿದ್ದಾಳೆ. ಆರು ನಾಲ್ಕಲೆ 24 ರೂಪ; ದಿನಕ್ಕೊಂದು ಧಾತು ಹಿಡಿದು ಈ 24ನ್ನೂ ಬಾಯಿಬಿಟ್ಟು ಹೇಳಿ, ಮಗ್ಗಿ ಹೇಳಿದ ಹಾಗೆ. ತಿನ್ನು, ಬಾ, ಕುಡಿ ಎಂಬ ಗಿಡ್ಡ ಧಾತುಗಳು ಈ ನಾಲ್ಕೂ ಕಾಲಗಳಲ್ಲಿ ‘ಕು’ ಉಳಿಸಿಕೊಳ್ಳುತ್ತವೆ: ನಿನಕುಲ, ನಿನಕುಜ, ನಿನಕುಞ್ವ. ‘ಮಿಮಿ’ (ನಾನು) ಎಂದು ಪ್ರತಿ ವಾಕ್ಯಕ್ಕೂ ಹಚ್ಚಬೇಡಿ. ‘ಬಂದೆ’ ಅಂದರೆ ನಾನು ಎಂಬುದು ಅದರಲ್ಲೇ ಇದೆಯಲ್ಲ, ಅಲ್ಲೂ ಹಾಗೇ.

‘ಲಿ’ ಮತ್ತು ‘ಮೆ’ ನಡುವಿನ ಅಂತರಕ್ಕೆ ಇಂಗ್ಲಿಷ್ ಪಾಠಗಳು ಪುಟಗಟ್ಟಲೆ ಖರ್ಚು ಮಾಡುತ್ತವೆ. ನಿಮಗೆ ಅದು ‘ತಿಂದೆ’ ಮತ್ತು ‘ತಿಂದಿದ್ದೇನೆ’ ನಡುವಿನ ಅಂತರ. ‘ಉಮೆಕುಲ?’ ಎಂದರೆ ನಮ್ಮ ‘ಊಟ ಆಯ್ತಾ?’ ಆಗಿಲ್ಲವಾದರೆ ‘ಬದೊ’, ಇನ್ನೂ ಇಲ್ಲ. ಹೊಟ್ಟೆ ತುಂಬಿದ್ದರೆ ‘ನಿಮೆಶಿಬ’.

ಇನ್ನೊಂದು ಅನುಕೂಲ ನಿಷೇಧದಲ್ಲಿದೆ. ಇಂಗ್ಲಿಷಿನ ಒಂದೇ ‘ನಾಟ್’ ಹಿಡಿದು ಹೋದವರು ಇಲ್ಲಿ ಎಡವುತ್ತಾರೆ. ಕನ್ನಡಕ್ಕೆ ಅಲ್ಲ, ಇಲ್ಲ, ಬೇಡ ಮೂರೂ ಬೇರೆ ಬೇರೆ, ಸ್ವಾಹಿಲಿಗೂ ಹಾಗೆಯೇ. ನಾನು ಡಾಕ್ಟರ್ ಅಲ್ಲ: ‘ಮಿಮಿ ಸಿ ದಕ್ತರಿ’. ನೀರು ಇಲ್ಲ: ‘ಹಕುನ ಮಜಿ’. ನನಗೆ ಬೇಡ: ‘ಸಿತಕಿ’. ಓದಬೇಡ: ‘ಉಸಿಸೊಮೆ’. ‘ನಾನು ಓದುವುದಿಲ್ಲ’ ಎಂಬಲ್ಲಿ ಮಾತ್ರ ಎಚ್ಚರ ಬೇಕು. ತಲೆಯಲ್ಲಿ ‘ನಿ’ ಬದಲು ‘ಸಿ’ ಬಂದು ಕಾಲದ ತುಂಡು ಹೋಗುತ್ತದೆ, ಕೊನೆಯ ಅ ಇ ಆಗುತ್ತದೆ: ಸಿಸೊಮಿ. ಹೊಸಬರು ತಲೆ ಬದಲಿಸಿ ಬಾಲ ಮರೆಯುತ್ತಾರೆ.

ಇನ್ನು, ನಮ್ಮ ‘ಕೊಡು’. ಬರೆದುಕೊಡು, ಓದಿಹೇಳು, ಅಡುಗೆ ಮಾಡಿಕೊಡು ಎನ್ನುವಾಗ ಕೆಲಸ ಯಾರಿಗಾಗಿ ಎಂಬುದು ಕ್ರಿಯಾಪದಕ್ಕೇ ಅಂಟಿಕೊಂಡಿರುತ್ತದೆ. ಸ್ವಾಹಿಲಿಯಲ್ಲಿ ಈ ಕೆಲಸ ಮಾಡುವುದು ಕೊನೆಯಲ್ಲಿ ಸೇರುವ ‘ಇಅ’. ಅಂದಿಕ, ಬರೆ, ಅಂದಿಕಿಅ, ಯಾರಿಗೋ ಬರೆದುಕೊಡು. ‘ನಓಂಬ ಉನಿಅಂದಿಕಿಎ’ ಅಂದರೆ ‘ನನಗೊಂದು ಬರೆದುಕೊಡಿ’. ಊರಿನ ಹೆಸರು, ಬೆಲೆ, ಔಷಧದ ಹೆಸರು ಕಿವಿಗೆ ನಿಲುಕದಾಗ ಚೀಟಿ ಪೆನ್ನು ಮುಂದೆ ಹಿಡಿದು ಈ ಒಂದು ಮಾತು ಹೇಳಿದರೆ ಸಾಕು. ಹಾಗೆಯೇ ನಮ್ಮ ‘ಇಸು’ ಇದ್ದ ಹಾಗೆ ಅವರಿಗೆ ‘ಶ’: ಸೊಮ ಓದು, ಸೊಮೆಶ ಓದಿಸು.

ಮೇಲಿನ ವಾಕ್ಯದ ‘ನಓಂಬ’ (ಬೇಡಿಕೊಳ್ಳುತ್ತೇನೆ) ನಿಮಗೆ ದಿನಕ್ಕೆ ಹತ್ತಾರು ಸಲ ಬೇಕಾಗುತ್ತದೆ. ನೀರು ಬೇಕಾದರೆ ‘ನಓಂಬ ಮಜಿ’. ‘ನತಕ’ (ನನಗೆ ಬೇಕು) ವ್ಯಾಕರಣಕ್ಕೆ ಸರಿಯಾದರೂ ಕಿವಿಗೆ ಒರಟು. ಪಾಠದಲ್ಲಿ ಕಲಿಸುವ ‘ತಫದಲಿ’ (ದಯವಿಟ್ಟು) ಮಾತಿನಲ್ಲಿ ಅಷ್ಟಾಗಿ ಬರುವುದಿಲ್ಲ. ಕಾರವಾರದ ಹೋಟೆಲಿನಲ್ಲಿ ‘ದಯವಿಟ್ಟು ಒಂದು ಚಾ’ ಎಂದು ಯಾರು ಕೇಳುತ್ತಾರೆ?

ಈಗ ಉಚ್ಚಾರ. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಪದಗಳಲ್ಲಿ, ದೀರ್ಘ ತೋರಿಸಿದ ಕಡೆ ಬಿಟ್ಟರೆ, ಸ್ವರವೆಲ್ಲ ಹ್ರಸ್ವ. ಒತ್ತು ಮಾತ್ರ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ, ಮತ್ತು ಆ ಅಕ್ಷರ ಸ್ವಲ್ಪ ಎಳೆಯುತ್ತದೆ: ಕಿತಬುವಿನಲ್ಲಿ (ಪುಸ್ತಕ) ತ, ಅಸಂತೆಯಲ್ಲಿ (ಧನ್ಯವಾದ) ಸಂ. ನಾವು ಕನ್ನಡದಲ್ಲಿ ಮೊದಲ ಅಕ್ಷರವನ್ನು ಎತ್ತಿ ಕೊನೆಯದನ್ನು ನುಂಗುತ್ತೇವೆ. ಅದೇ ಅಭ್ಯಾಸ ಅಲ್ಲಿ ಕೆಲಸ ಕೆಡಿಸುತ್ತದೆ, ಯಾಕೆಂದರೆ ಸ್ವಾಹಿಲಿಯಲ್ಲಿ ಕೊನೆಯ ಸ್ವರ ಅರ್ಥ ಹೊರುತ್ತದೆ. ಹತ್ತಕ್ಕೆ ‘ಕುಮಿ’. ಆ ಇ ಜಾರಿ ಅ ಆದರೆ ತರಗತಿಯಲ್ಲಿ ಹೇಳಬಾರದ ಅಶ್ಲೀಲ ಪದವಾಗುತ್ತದೆ. ಎಣಿಕೆ ಕಲಿಸುವಾಗ ಇದು ನೆನಪಿರಲಿ.

ಪದದ ಮೊದಲಿಗೆ ಬರುವ ಮ್ ಎಷ್ಟೋ ಕಡೆ ಸ್ವತಂತ್ರ ಅಕ್ಷರ. ‘ಮ್‌ತು’ (ಮನುಷ್ಯ) ಎರಡು ಅಕ್ಷರದ ಪದ, ಒತ್ತು ಮ್ ಮೇಲೆಯೇ. ತುಟಿ ಮುಚ್ಚಿ ‘ಮ್ಮ್’ ಎಂದು ಒಂದು ಕ್ಷಣ ನಿಂತು ‘ತು’ ಅನ್ನಿ. ‘ಮತು’, ‘ಉಮ್ತು’ ಎರಡೂ ತಪ್ಪು. ವರ್ಣಮಾಲೆಯಲ್ಲಿ ಕಲಿತು ಬಳಸದೆ ಬಿಟ್ಟ ಙ, ಞ ಇಲ್ಲಿ ದುಡಿಯುತ್ತವೆ: ಹಸುವಿಗೆ ‘ಙೊಂಬೆ’, ಮನೆಗೆ ‘ಞುಂಬ’, ಮಾಂಸಕ್ಕೆ ‘ಞಮ’. ಬರೆವಣಿಗೆಯಲ್ಲಿ ಡಿ, ಎಚ್ ಒಟ್ಟಿಗೆ ಕಂಡರೆ ನಮ್ಮ ಧ ಎಂದು ಓದಬೇಡಿ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ‘ಜ಼’ ಅನ್ನಲು ಹೋದರೆ ಬರುವ ಸದ್ದು ಅದು. ಟಿ, ಎಚ್ ಕೂಡ ಥ ಅಲ್ಲ. ಅದೇ ಜಾಗದಲ್ಲಿ ನಾಲಿಗೆ ಇಟ್ಟು ‘ಸ’ ಅಂದರೆ ಬರುತ್ತದೆ. ಎರಡನೆಯ ವಾರದ ನಂತರ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದನ್ನು ಬಿಟ್ಟುಬಿಡಿ. ಸ್ವಾಹಿಲಿ ಬರೆದಂತೆ ಓದುವ ಭಾಷೆ, ರೋಮನ್ ಕಾಗುಣಿತ ಬೇಗ ಕೂಡಿಬರುತ್ತದೆ.

ವ್ಯಾಕರಣಕ್ಕಿಂತ ಮೊದಲು ನಿಮ್ಮನ್ನು ಅಲ್ಲಿಯವರು ಅಳೆಯುವುದು ನಮಸ್ಕಾರದಿಂದ. ನಿಮಗಿಂತ ದೊಡ್ಡವರು ಎದುರಾದರೆ, ಅವರು ಅಡುಗೆಯವರಿರಲಿ ಹೆಡ್‌ಮಾಸ್ತರರಿರಲಿ, ‘ಶಿಕಮೋ’ ಅನ್ನಬೇಕು. ಅವರು ‘ಮರಹಬ’ ಎಂದು ಸ್ವೀಕರಿಸುತ್ತಾರೆ. ನೀವು ತರಗತಿಗೆ ಹೋದಾಗ ಮಕ್ಕಳು ಎದ್ದು ನಿಂತು ‘ಶಿಕಮೋ ಮ್ವಲಿಮು’ ಅನ್ನುತ್ತಾರೆ. ಮ್ವಲಿಮು ಅಂದರೆ ಟೀಚರ್. (ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರನ್ನು ದೇಶ ಇಂದಿಗೂ ಮ್ವಲಿಮು ಎಂದೇ ಕರೆಯುತ್ತದೆ.) ಆಗ ನೀವು ‘ಮರಹಬ’ ಅನ್ನಬೇಕು. ತಿರುಗಿ ‘ಶಿಕಮೋ’ ಅಂದರೆ, ಅಜ್ಜಿ ಮೊಮ್ಮಗಳ ಕಾಲಿಗೆ ಬಿದ್ದ ಹಾಗೆ. ಸರೀಕರಿಗೆ ‘ಮಂಬೊ?’, ಉತ್ತರ ‘ಪೊಅ’. ಮಿಕ್ಕವರಿಗೆ ‘ಹಬರಿ ಜ಼ ಅಸುಬುಹಿ?’ (ಬೆಳಗಿನ ಸಮಾಚಾರ?), ‘ಹಬರಿ ಜ಼ ಞುಂಬನಿ?’ (ಮನೆ ಕಡೆ ಹೇಗೆ?). ಜ್ವರವಿದ್ದರೂ ಮೊದಲ ಉತ್ತರ ‘ನ್ಜ಼ುರಿ’, ಚೆನ್ನಾಗಿದೆ ಅಂತಲೇ. ಕಷ್ಟ ಆಮೇಲೆ ಹೇಳಬೇಕು. ಎರಡು ಮೂರು ಹಬರಿ ಮುಗಿಯದೆ ಕೆಲಸದ ವಿಷಯ ಎತ್ತಬೇಡಿ. ನಮ್ಮಲ್ಲಿ ಬಂದವರಿಗೆ ಬೆಲ್ಲ ನೀರು ಕೊಡದೆ ‘ಏನು ಬಂದದ್ದು?’ ಎಂದು ಕೇಳುತ್ತೇವೆಯೇ?

ಯಾರಾದರೂ ಎಡವಿ ಬಿದ್ದರೆ, ಕಾಯಿಲೆಯಾಗಿದ್ದರೆ, ಬಿಸಿಲಲ್ಲಿ ಬೆವರು ಸುರಿಸಿ ಬಂದರೆ ‘ಪೊಲೆ’ ಅನ್ನಿ. ತಪ್ಪು ನಿಮ್ಮದಾಗಿರಬೇಕಿಲ್ಲ. ತಪ್ಪು ನಿಮ್ಮದೇ ಆಗಿದ್ದರೆ ‘ಸಮಹನಿ’.

ಹೆಸರು ಹಿಡಿದು ಕರೆಯುವುದು ಕಡಿಮೆ, ಸಂಬಂಧ ಹಚ್ಚಿ ಕರೆಯುವುದೇ ಹೆಚ್ಚು. ಆದರೆ ಕಾರವಾರದ ಕಿವಿಗೆ ಇಲ್ಲೊಂದು ಗೊಂದಲ ಕಾದಿದೆ. ಕೊಂಕಣಿ, ಮರಾಠಿ ಮನೆಗಳಲ್ಲಿ ದಾದಾ ಅಣ್ಣ, ಕಾಕಾ ಚಿಕ್ಕಪ್ಪ. ಅಲ್ಲಿ ‘ದದ’ ಅಂದರೆ ಅಕ್ಕ, ‘ಕಕ’ ಅಂದರೆ ಅಣ್ಣ! ‘ಮಮ’ ಮಾವನಲ್ಲ, ತಾಯಿ. ತಾಯಿಯ ವಯಸ್ಸಿನ ಎಲ್ಲರಿಗೂ ಸಲ್ಲುತ್ತದೆ. ‘ಬಿಬಿ’ ಅಜ್ಜಿ, ‘ಬಬು’ ಅಜ್ಜ. ಬಾಯಿಗೆ ಬರುವವರೆಗೆ ಇವನ್ನು ಹಾಸ್ಟೆಲಿನ ಗೆಳತಿಯರ ಮೇಲೆಯೇ ಪ್ರಯೋಗಿಸಿ.

ಗೌರವದ ವಿಷಯದಲ್ಲಿ ಕನ್ನಡಿಗರು ಮಾಡುವ ತಪ್ಪು ಇನ್ನೊಂದಿದೆ. ಓದು, ಓದಿ ಇದ್ದ ಹಾಗೆ ಅಲ್ಲಿ ಸೊಮ, ಸೊಮೆನಿ ಇವೆ. ಈ ‘ನಿ’ ಬಹುವಚನ ಮಾತ್ರ, ಗೌರವವಲ್ಲ. ಒಬ್ಬ ಹಿರಿಯರಿಗೆ ‘ಕಎನಿ’ ಅಂದರೆ ‘ನೀವೆಲ್ಲ ಕೂರಿ’ ಎಂದಾಗುತ್ತದೆ. ಅವರು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಬಹುದು. ಒಬ್ಬರಿಗೆ ‘ಕರಿಬು ಉಕಎ’ ಅನ್ನಿ. ತರಗತಿಯಲ್ಲಿ ಮಾತ್ರ ‘ನಿ’ ಧಾರಾಳವಾಗಿ ಬಳಸಿ: ಕಎನಿ (ಕೂರಿ), ಸಿಮಮೆನಿ (ಏಳಿ), ಸಿಕಿಲಿಜ಼ೆನಿ (ಕೇಳಿ), ಫುಂಗುಎನಿ ವಿತಬು (ಪುಸ್ತಕ ತೆರೆಯಿರಿ), ರುದಿಎನಿ (ಮತ್ತೆ ಹೇಳಿ). ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ನಡೆಯುವುದೇ ಸ್ವಾಹಿಲಿಯಲ್ಲಿ, ಇಂಗ್ಲಿಷ್ ಮಾಧ್ಯಮ ಪ್ರೌಢಶಾಲೆಯಿಂದ ಮುಂದೆ. ಹಳ್ಳಿಯ ಚಿಕ್ಕ ಮಕ್ಕಳಿಗೆ ನಿಮ್ಮ ಇಂಗ್ಲಿಷ್ ತಲುಪುತ್ತದೆ ಎಂದು ನಂಬಿ ಹೋಗಬೇಡಿ. ಧೈರ್ಯಕ್ಕೆ ಒಂದು ಮಾತು: ಮೊರೊಗೊರೊ ಸುತ್ತ ಲುಗುರು ಜನರಿದ್ದಾರೆ, ಅವರ ಮನೆಮಾತು ಬೇರೆ. ಮನೆಯಲ್ಲಿ ಹವ್ಯಕ ಆಡಿ ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವರಿಗೆ ಆ ಮಕ್ಕಳ ಸ್ಥಿತಿ ಅರ್ಥವಾಗುತ್ತದೆ.

ಈಗ ತಲೆ ತಿರುಗಿಸಿದ ವರ್ಗಗಳು. ‘ಎರಡು ಹುಡುಗರು’ ಅಂದರೆ ನಿಮಗೆ ಕಸಿವಿಸಿಯಾಗುತ್ತದೆ, ‘ಇಬ್ಬರು ಹುಡುಗರು’ ಆಗಬೇಕು. ‘ಇಬ್ಬರು ಪುಸ್ತಕ’ ಅಂತೂ ಸಾಧ್ಯವೇ ಇಲ್ಲ. ಅಂದರೆ ನಾಮಪದದ ಜಾತಿ ನೋಡಿ ಸಂಖ್ಯೆ ಬದಲಿಸುವುದು ನಿಮಗೆ ಹುಟ್ಟಿನಿಂದ ಗೊತ್ತಿದೆ. ನಮ್ಮಲ್ಲಿ ಜಾತಿ ಎರಡು, ಅಲ್ಲಿ ಹೆಚ್ಚು. ‘ವತು ವವಿಲಿ’ ಇಬ್ಬರು ಮನುಷ್ಯರು. ‘ವಿತಬು ವಿವಿಲಿ’ ಎರಡು ಪುಸ್ತಕ. ‘ಮಿತಿ ಮಿವಿಲಿ’ ಎರಡು ಮರ. ‘ಞುಂಬ ಂಬಿಲಿ’ ಎರಡು ಮನೆ (ಪದದ ಮೊದಲಿನ ಂ ಅನ್ನು ಮ್ ಎಂದು ಓದಿ). ಪದದ ಮೊದಲ ಸದ್ದು ಮುಂದಿನ ಪದಗಳಿಗೂ ಹರಿಯುತ್ತದೆ, ಪ್ರಾಸ ಕೂಡಿಸಿದ ಹಾಗೆ. ‘ಕಿತಬು ಚಂಗು ಕಿಮೆಪೊತೆಅ’, ನನ್ನ ಪುಸ್ತಕ ಕಳೆದಿದೆ. ‘ವಿತಬು ವ್ಯಂಗು ವಿಮೆಪೊತೆಅ’, ಪುಸ್ತಕಗಳು ಕಳೆದಿವೆ. 10 ವಾರಕ್ಕೆ ಈ ನಾಲ್ಕು ವರ್ಗ ಸಾಕು. ಉಳಿದವು ಅಲ್ಲಿಗೆ ಹೋದ ಮೇಲೆ ಕಿವಿಯಿಂದ ಬರಲಿ. ಕನ್ನಡ ಕೈಕೊಡುವ ಜಾಗ ಪ್ರಾಣಿಗಳದು. ನಮಗೆ ‘ಎರಡು ಹಸು’; ಅವರಿಗೆ ‘ಙೊಂಬೆ ವವಿಲಿ’, ಮನುಷ್ಯರ ಲೆಕ್ಕ. ನೋಟ್‌ಬುಕ್ಕಿನಲ್ಲಿ ಯಾವ ನಾಮಪದವನ್ನೂ ಒಂಟಿಯಾಗಿ ಬರೆಯಬೇಡಿ. ಕಿತಬು–ವಿತಬು, ಮ್‌ತೊತೊ–ವತೊತೊ (ಮಗು–ಮಕ್ಕಳು) ಎಂದು ಜೋಡಿಯಲ್ಲೇ ಬರೆಯಿರಿ. ನಿಮ್ಮ 150 ಶಬ್ದಗಳಿಗೆ ಮೊದಲು ಮಾಡಬೇಕಾದ ರಿಪೇರಿ ಇದೇ.

ಗಂಟೆಯ ಲೆಕ್ಕ ತಪ್ಪಿದರೆ ಬಸ್ಸೇ ತಪ್ಪುತ್ತದೆ. ಅಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ, ಪಂಚಾಂಗದ ಗಳಿಗೆಯ ಹಾಗೆ. ಬೆಳಗಿನ 7 ಗಂಟೆ ‘ಸಾ ಮೊಜ’, ಅಂದರೆ ಒಂದನೇ ಗಂಟೆ. ಮಧ್ಯಾಹ್ನ 12 ‘ಸಾ ಸಿತ’, ಆರು. ಸಂಜೆ 4 ‘ಸಾ ಕುಮಿ’, ಹತ್ತು. ಮುಳ್ಳಿನ ಗಡಿಯಾರ ಕಟ್ಟಿಕೊಂಡರೆ ಸುಲಭ: ಗಂಟೆಯ ಮುಳ್ಳು ತೋರಿಸುವ ಅಂಕಿಯ ನೇರ ಎದುರಿನ ಅಂಕಿ ಓದಿ, ಅದೇ ಸ್ವಾಹಿಲಿ ಗಂಟೆ. ‘ಬಸ್ಸು ಸಾ ಂಬಿಲಿ’ ಎಂದು ಯಾರಾದರೂ ಹೇಳಿದರೆ ‘ಅಸುಬುಹಿ?’ (ಬೆಳಿಗ್ಗೆಯಾ?) ಎಂದು ಖಚಿತ ಮಾಡಿಕೊಳ್ಳಿ. ಹೌದಾದರೆ 8 ಗಂಟೆಗೆ. ಇಂಗ್ಲಿಷಿನಲ್ಲಿ ಗಂಟೆ ಹೇಳಿದರೂ ಯಾವ ಲೆಕ್ಕದಲ್ಲಿ ಎಂದು ಒಮ್ಮೆ ಕೇಳುವುದು ಒಳ್ಳೆಯದು. ಟಾಂಜಾನಿಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಶಿರಸಿಯ ಮನೆಯಲ್ಲಿ ರಾತ್ರಿ 8 ಆದಾಗ ಅಲ್ಲಿ ಸಂಜೆ 5:30, ‘ಸಾ ಕುಮಿ ನ ಮೊಜ ನ ನುಸು’. ವಾರದ ದಿನಗಳಿಗೂ ಇಂಥದೇ ತಿರುವು: ಎಣಿಕೆ ಶನಿವಾರದಿಂದ, ಆದ್ದರಿಂದ ‘ಜುಮತತು’ (ತತು, ಮೂರು) ಸೋಮವಾರ. ದುಡ್ಡಿನ ಲೆಕ್ಕದಲ್ಲಿ ಮಾತ್ರ ನಿಮಗೆ ಸಲೀಸು. ಸಾವಿರಕ್ಕೆ ‘ಎಲ್ಫು’, ಲಕ್ಷಕ್ಕೆ ‘ಲಕಿ’, ನಮ್ಮ ಲಕ್ಷವೇ.

ಅರಬ್ಬಿ ಸಮುದ್ರದ ಎರಡೂ ದಡಕ್ಕೆ ಒಂದೇ ಹಡಗುಗಳು ಬಂದುಹೋದದ್ದರಿಂದ ಇಂಥ ಪದಗಳು ಬೇಕಾದಷ್ಟಿವೆ. ಸ್ವಾಹಿಲಿ ಎಂಬ ಹೆಸರೇ ಅರಬ್ಬಿಯ ‘ಕರಾವಳಿ’ ಎಂಬ ಪದದಿಂದ ಬಂದದ್ದು. ಸ್ವಲಿ ಪ್ರಶ್ನೆ (ಸವಾಲು), ಜಿಬು ಉತ್ತರ (ಜವಾಬು), ಹೆಸಬು ಗಣಿತ (ಹಿಸಾಬು), ತರೆಹೆ ತಾರೀಖು, ಸಬುನಿ ಸಾಬೂನು, ರಂಗಿ ಬಣ್ಣ, ಗರಿ ಗಾಡಿ, ಸೆರಿಕಲಿ ಸರ್ಕಾರ. ಒಂದು ಪದ ಮಾತ್ರ ದಾರಿ ತಪ್ಪಿಸುತ್ತದೆ. ಪೋರ್ಚುಗೀಸರ ‘ಇಗ್ರೆಜ’ ನಮ್ಮ ಕರಾವಳಿಯಲ್ಲಿ ಇಗರ್ಜಿ ಆಗಿ ಚರ್ಚಾಗಿಯೇ ಉಳಿಯಿತು. ಅಲ್ಲಿ ‘ಗೆರೆಜ’ ಆಗಿ ಜೈಲಾಯಿತು.

ಊಟದ ಮಾತು. ಅಕ್ಕಿ ಬೆಳೆಯುವ ಊರಿನವರಿಗೆ ಇಲ್ಲೂ ಇಂಗ್ಲಿಷ್ ಅಡ್ಡಿಯೇ, ಅದರಲ್ಲಿ ಎಲ್ಲವೂ ‘ರೈಸ್’. ಸ್ವಾಹಿಲಿಯಲ್ಲಿ ಗದ್ದೆಯ ಭತ್ತ ‘ಂಪುಂಗ’, ಅಕ್ಕಿ ‘ಮ್‌ಚೆಲೆ’, ಅನ್ನ ‘ವಲಿ’. ತೆಂಗಿನ ಮರ ‘ಮ್‌ನಜ಼ಿ’, ಕಾಯಿ ‘ನಜ಼ಿ’, ಎಳನೀರು ‘ದಫು’, ಕಾಯಿಹಾಲು ‘ತುಇ’. ಕಾಯಿ ತುರಿಯುವ ಮಣೆಗೆ ‘ಂಬುಜ಼ಿ’. ಆಡಿಗೂ ಅದೇ ಹೆಸರು. ಅಡುಗೆಮನೆಯಲ್ಲಿ ‘ಂಬುಜ಼ಿ ತಾ’ ಅಂದರೆ ಗಾಬರಿಯಾಗಬೇಡಿ.

ಸಸ್ಯಾಹಾರಿಗೆ ಹೆಚ್ಚು ಮೋಸ ಮಾಡುವ ಪದ ‘ಂಬೊಗ’. ನಿಘಂಟಿನಲ್ಲಿ ತರಕಾರಿ ಎಂದಿರುತ್ತದೆ. ಆಡುಮಾತಿನಲ್ಲಿ ಅನ್ನಕ್ಕೋ ಉಗಲಿಗೋ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ನಂಜಿಕೊಳ್ಳುವ ಯಾವುದೂ ಂಬೊಗವೇ. ಅದು ಮಾಂಸವೂ ಆಗಬಹುದು. ‘ಂಬೊಗ ಮಾತ್ರ’ ಎಂದು ಕೇಳಿಕೊಂಡರೆ ಸಾಲದು. ಪೂರ್ತಿ ಹೇಳಿ: ‘ಸಿಲಿ ಞಮ, ಸಮಕಿ ವಲ ಮಯಇ’, ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ತಟ್ಟೆ ಬಂದ ಮೇಲೆ ‘ಕುನ ಞಮ ನ್ದನಿ?’ (ಒಳಗೆ ಮಾಂಸ ಇದೆಯಾ?) ಎಂದು ಮತ್ತೊಮ್ಮೆ ಕೇಳಿ, ‘ದಗಾ’ ಎಂಬ ಸಣ್ಣ ಒಣಮೀನನ್ನೂ ಹೆಸರಿಟ್ಟು ಕೇಳಿ. ಸೊಪ್ಪಿನ ಪಲ್ಯಕ್ಕೆ ಮಾಂಸದ ರಸ ಬಿದ್ದಿರುವುದು ಉಂಟು, ಅದನ್ನು ಯಾರೂ ಮಾಂಸವೆಂದು ಎಣಿಸುವುದಿಲ್ಲ. ನಂಬಬಹುದಾದ ಊಟ ‘ವಲಿ ನ ಮಹರಗೆ’ (ಅನ್ನ, ಕಾಳಿನ ಸಾರು), ಚಪತಿ, ಮತ್ತು ‘ಮ್‌ಚಿಚ’, ನಮ್ಮ ಹರಿವೆ ಸೊಪ್ಪಿನ ಪಲ್ಯ.

ನಿಮ್ಮ ಒಂದು ಗಂಟೆಯನ್ನು ಹೀಗೆ ಒಡೆಯಿರಿ: 20 ನಿಮಿಷ ಕೇಳಿ ಅದರ ಜೊತೆಗೇ ಹೇಳುವುದು, 25 ನಿಮಿಷ ಬಾಯಿಂದ ವಾಕ್ಯ ಕಟ್ಟುವುದು, 15 ನಿಮಿಷ ಬರೆಯುವುದು. ಬರೆಯುವುದಕ್ಕೆ ಹೆಚ್ಚು ಹೊತ್ತು ಕೊಟ್ಟವರು ಬಾಯಿ ಬಿಡುವುದಿಲ್ಲ. ಮೊದಲ ಎರಡು ವಾರ ಸದ್ದು, ನಮಸ್ಕಾರ, ಎಣಿಕೆ. ಮೂರರಿಂದ ಐದು ಪೂರ್ತಿ ಕ್ರಿಯಾಪದದ್ದೇ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಸಡಿಲವಾಗುತ್ತದೆ. ಆರು, ಏಳರಲ್ಲಿ ನಾಲ್ಕು ವರ್ಗ. ಎಂಟರಲ್ಲಿ ಗಂಟೆ, ಪೇಟೆ, ಬಸ್ಸು (ಬಸ್ ಸ್ಟ್ಯಾಂಡಿಗೆ ‘ಸ್ತೆಂದಿ’, ಕಂಡಕ್ಟರಿಗೆ ‘ಕೊಂದ’). ಕೊನೆಯ ಎರಡು ವಾರ ತರಗತಿಯ ಮಾತು. ಒಟ್ಟು 400 ಶಬ್ದ ಗಟ್ಟಿಯಾದರೆ ಧಾರಾಳ, ಅದರಲ್ಲಿ 60 ಕ್ರಿಯಾಪದ ಇರಲಿ.

ನಾಲ್ಕನೆಯ ವಾರದಿಂದ ಬಿಬಿಸಿ ಸ್ವಾಹಿಲಿ ಅಥವಾ ಜರ್ಮನಿಯ ಡಾಯ್ಚ ವೆಲ್ಲೆಯ ಸ್ವಾಹಿಲಿ ವಾರ್ತೆ ಹಚ್ಚಿ. ರಜೆಗೆ ಊರಿಗೆ ಹೋಗುವಾಗ ಕಾರವಾರದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಘಟ್ಟದ ಮೇಲೆ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ. ಅರ್ಥಕ್ಕೆ ತಡಕಾಡದೆ ಮೊದಲು ಸಂಖ್ಯೆಗಳನ್ನು, ಊರ ಹೆಸರುಗಳನ್ನು ಹಿಡಿಯಿರಿ. ಆಮೇಲೆ ಕ್ರಿಯಾಪದದ ಲಿ, ಮೆ, ತ. ಹೊಸ ಪದ ಸಿಕ್ಕಿದರೆ ನಿಘಂಟು ನೋಡುವ ಮುನ್ನ ತಲೆ ಕಡೆಯಿಂದ ಸುಲಿಯಿರಿ. ‘ವಲಿನಿಸಇದಿಅ’ ಎಂದು ಹುಡುಕಿದರೆ ಸಿಗುವುದಿಲ್ಲ. ವ ತೆಗೆಯಿರಿ, ಲಿ ತೆಗೆಯಿರಿ, ನಿ (ನನಗೆ) ತೆಗೆಯಿರಿ. ಉಳಿದ ‘ಸಇದಿಅ’ ನಿಘಂಟಿನಲ್ಲಿದೆ, ಸಹಾಯ ಮಾಡು. ಅವರು ನನಗೆ ಸಹಾಯ ಮಾಡಿದರು.

ಮಾತು ಕೈಮೀರಿ ಹೋದಾಗ ಇಂಗ್ಲಿಷಿಗೆ ಹಾರದಿರಲು ಮೂರು ವಾಕ್ಯ ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಿ: ‘ಸಿಜಎಲೆವ’, ಅರ್ಥವಾಗಿಲ್ಲ; ‘ನಓಂಬ ಉರುದಿಎ ಪೊಲೆಪೊಲೆ’, ಇನ್ನೊಮ್ಮೆ ನಿಧಾನ ಹೇಳಿ; ‘ಹಿಇ ನಿ ನಿನಿ?’, ಇದೇನು? ಈ ಮೂರನೆಯದನ್ನು ಮಕ್ಕಳಿಗೆ ಕೇಳಿ. ಕಲ್ಲು, ಎಲೆ, ಇರುವೆ ಯಾವುದನ್ನು ತೋರಿಸಿದರೂ ಹತ್ತು ಬಾಯಿ ಒಟ್ಟಿಗೆ ಉತ್ತರ ಕೊಡುತ್ತವೆ, ತಪ್ಪು ಹೇಳಿದರೆ ಅಲ್ಲೇ ತಿದ್ದುತ್ತವೆ.